ಬಿದ್ದ ಮನೆ ಕಟ್ಟುವ ನಿಯಮದಲ್ಲಿ ನೀರಿನ ಗುರುತು ಎಲ್ಲಿದೆ?

ಮಲಪ್ರಭಾ ದಂಡೆಯ ನಮ್ಮೂರಿನಲ್ಲಿ ಕಾಕಾನ ಮನೆಯ ತಲಬಾಗಿಲಿಗೆ ಕಲ್ಲಿನ ಚೌಕಟ್ಟು ಇದೆ. 2019ರ ಆಗಸ್ಟ್ ನೆರೆಯ ನೀರು ನಿಂತು ಹೋದ ಕಂದು ಗೆರೆ ಅದರ ಮೇಲೆ ನನ್ನ ಎದೆಯ ಮಟ್ಟಕ್ಕೆ ಇಂದಿಗೂ ಕಾಣುತ್ತದೆ. ಅದಕ್ಕಿಂತ ಒಂದು ಗೇಣು ಕೆಳಗೆ 2009ರ ನೆರೆಯ ಗುರುತು; ಅದನ್ನು ಅಜ್ಜ ಉಳಿಯಿಂದ ಕೆತ್ತಿಸಿದ್ದರು. ಹಳೆಯ ಮನೆಯಲ್ಲಿ ಈಗ ಉಳಿದಿರುವುದು ಆ ಚೌಕಟ್ಟೊಂದೇ. ಅದರ ಹಿಂದೆ ಹೊಸ ಗೋಡೆ ಏಳುವವರೆಗೆ ಕಾಗದಪತ್ರಗಳ ಚೀಲ ಹಿಡಿದು ಕಾಕಾನೊಂದಿಗೆ ಕಚೇರಿಯಿಂದ ಕಚೇರಿಗೆ ಅಲೆದವನು ನಾನು. ಬಿದ್ದ ಮನೆ ಯಾರದು ಎಂಬ ಪ್ರಶ್ನೆಯನ್ನು ನಮಗೆ ಹತ್ತಾರು ಸಲ ಕೇಳಿದರು. ಕಟ್ಟಲಿರುವ ಮನೆ ಮುಂದಿನ ನೆರೆಗೆ ನಿಂತೀತೇ ಎಂದು ಯಾರೂ ಕೇಳಲಿಲ್ಲ.

2019ರಲ್ಲಿ ಸರ್ಕಾರ ಘೋಷಿಸಿದ ಪರಿಹಾರ ಸಣ್ಣದಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ವಿಪತ್ತು ಪರಿಹಾರದ ಅಂದಿನ ಕೇಂದ್ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ಸಿಗಬೇಕಾಗಿದ್ದುದು 95,100 ರೂಪಾಯಿ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಶೇಕಡಾ 75ಕ್ಕಿಂತ ಹೆಚ್ಚು ಹಾನಿಯಾದ ಮನೆ 'ಎ', 25ರಿಂದ 75ರವರೆಗಿನದು 'ಬಿ', 15ರಿಂದ 25ರವರೆಗಿನದು 'ಸಿ' ಎಂದು ವಿಂಗಡಣೆಯಾಯಿತು. 'ಎ' ಎಂದರೆ 5 ಲಕ್ಷ, 'ಸಿ' ಎಂದರೆ 50 ಸಾವಿರ. ಈ ಮೂರು ಅಕ್ಷರಗಳಲ್ಲಿ ಯಾವುದು ತಮ್ಮ ಹೆಸರಿನ ಮುಂದೆ ಬಿತ್ತು ಎಂಬುದರ ಮೇಲೆ ನಮ್ಮೂರಿನ ಎಷ್ಟೋ ಕುಟುಂಬಗಳ ಮುಂದಿನ ಬಾಳು ನಿರ್ಧಾರವಾಯಿತು.

ತೊಡಕು ಅಲ್ಲಿಂದಲೇ ಶುರುವಾಯಿತು. ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆಯ, ಮಣ್ಣು ಹೊದಿಸಿದ ಚಪ್ಪಟೆ ಛಾವಣಿಯ ಮೇಲ್ಮುದ್ದಿ ಮನೆಗಳು. ಎರೆಮಣ್ಣಿನ ನೆಲ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕುಗ್ಗುತ್ತದೆ. ಆದ್ದರಿಂದ ಇಂಥ ಮನೆ ನೀರು ನಿಂತಿರುವಾಗ ಬೀಳುವುದಕ್ಕಿಂತ ನೀರು ಇಳಿದು ಎರಡು ವಾರ ಬಿಸಿಲು ಬಿದ್ದ ಮೇಲೆ ಬೀಳುವುದೇ ಹೆಚ್ಚು. ಸಮೀಕ್ಷೆಯವರು ಬಂದ ದಿನ ಕಾಕಾನ ಮನೆಯಲ್ಲಿ ಹಿತ್ತಲ ಗೋಡೆ ಮಾತ್ರ ಕುಸಿದಿತ್ತು. ಪಡಸಾಲೆಯ ಗೋಡೆ ಬುಡದಲ್ಲಿ ನೆನೆದು ಮೆತ್ತಗಾಗಿದ್ದರೂ ನಿಂತೇ ಇತ್ತು. 'ಸಿ' ಎಂದು ಬರೆದುಕೊಂಡು ಹೋದರು. ಹದಿನೇಳನೆಯ ದಿನ ಬೆಳಗಿನ ಜಾವ ಪಡಸಾಲೆ ಜಂತಿ ಸಮೇತ ಕುಳಿತುಬಿಟ್ಟಿತು. ಆ ರಾತ್ರಿ ಎಲ್ಲರೂ ಶಾಲೆಯ ಕಟ್ಟೆಯ ಮೇಲೆ ಮಲಗಿದ್ದರಿಂದ ಜೀವ ಉಳಿಯಿತು. ಆದರೆ ಒಮ್ಮೆ ಕಂಪ್ಯೂಟರಿಗೆ ಏರಿಸಿದ ಅಕ್ಷರವನ್ನು ತಿದ್ದಿಸಿಕೊಳ್ಳಲು ನಮಗೆ ಹನ್ನೊಂದು ತಿಂಗಳು ಬೇಕಾಯಿತು. ಮಣ್ಣಿನ ಮನೆಗಳ ಊರಿನಲ್ಲಿ ಹಾನಿಯನ್ನು ಎರಡು ಸಲ, ನೀರು ಇಳಿದ ಕೂಡಲೇ ಒಮ್ಮೆ ಮತ್ತು ತಿಂಗಳ ನಂತರ ಮತ್ತೊಮ್ಮೆ, ಅಳೆಯಬೇಕೆಂಬುದು ನಿಯಮವಾಗಬೇಕು. ಇದಕ್ಕೆ ಖರ್ಚೂ ಹೆಚ್ಚಿಲ್ಲ.

ಎರಡನೆಯ ತೊಡಕು ಉತಾರದ್ದು, ಅಂದರೆ ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆಯದು. ಗಾಂವಠಾಣದ, ಅಂದರೆ ಊರೊಳಗಿನ ಹಳೆಯ ವಸತಿ ಜಾಗದ, ಮನೆ ಮುತ್ತಜ್ಜನ ಹೆಸರಿನಲ್ಲಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ವಾಟ್ನಿ ಮಾಡಿಕೊಂಡು, ನಡುವೆ ಒಂದು ಗೋಡೆ ಎಬ್ಬಿಸಿ, ಮೂರು ಒಲೆ ಹೂಡಿರುತ್ತಾರೆ. ಪಂಚಾಯಿತಿಯ ಲೆಕ್ಕದಲ್ಲಿ ಅದು ಒಂದೇ ಮನೆ. ಪರಿಹಾರಕ್ಕೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಬೇಕು, ವಂಶಾವಳಿ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬಾಂಡ್ ಪೇಪರಿನ ಮೇಲೆ ಬೇಕು. ಸುಳ್ಳು ಫಲಾನುಭವಿಗಳನ್ನು ತಡೆಯಲು ದಾಖಲೆ ಕೇಳುವುದು ತಪ್ಪಲ್ಲ, ಹಾಗೆ ದುಡ್ಡು ಹೋದದ್ದೂ ಉಂಟು. ಆದರೆ ಆ ದಾಖಲೆಗಳೇ ಟ್ರಂಕಿನ ಸಮೇತ ಹೊಳೆಯ ಪಾಲಾಗಿರುವಾಗ, ಕರ ಕಟ್ಟಿದ ರಸೀದಿ, ವಿದ್ಯುತ್ ಮೀಟರ್ ಮತ್ತು ನೆರೆಹೊರೆಯವರ ಪಂಚನಾಮೆಯನ್ನು ಸಾಕೆಂದು ಒಪ್ಪಬೇಕು. ಚಿಗವ್ವ ಒಂದು ದಿನ ಪಂಚಾಯಿತಿ ಕಟ್ಟೆಯ ಮೇಲೆ ಕೂತು ನನ್ನನ್ನು ಕೇಳಿದಳು: "ತಮ್ಮಾ, ಮೂವತ್ತ ವರ್ಷ ಈ ಮನಿ ಸಾರಿಸೇನಿ, ಇದು ನಂದಂತ ಹೇಳಾಕ ಮುಂಬೈದಾಗ ಇರೋ ಮೈದುನನ ಸಹಿ ಯಾಕ ಬೇಕು?" ನನ್ನ ಹತ್ತಿರ ಉತ್ತರವಿರಲಿಲ್ಲ.

ಕಂತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಕಂತು 1 ಲಕ್ಷ. ಮುಂದಿನವು ಬುನಾದಿ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಜಿಪಿಎಸ್ ಫೋಟೋ ತೆಗೆದು ಏರಿಸಿದ ಮೇಲೆ. ದುಡ್ಡು ಬಂದ ಮೇಲೆ ಕಟ್ಟುತ್ತೇವೆ ಎನ್ನುವವರಿಗೂ ಕಟ್ಟಿದ ಮೇಲೆ ದುಡ್ಡು ಎನ್ನುವ ವ್ಯವಸ್ಥೆಗೂ ನಡುವೆ ಸಿಕ್ಕ ಎಷ್ಟೋ ಬುನಾದಿಗಳ ಮೇಲೆ ಜಾಲಿ ಬೆಳೆದಿದೆ.

ಪಟ್ಟದಕಲ್ಲಿನ ಜನರ ಕಷ್ಟ ಇನ್ನೊಂದು ಬಗೆಯದು. 2019ರಲ್ಲಿ ಅಲ್ಲಿಯ ಗುಡಿಗಳ ಆವರಣಕ್ಕೂ ಮಲಪ್ರಭೆ ನುಗ್ಗಿತ್ತು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದನ್ನು ಬಿಗಿ ಮಾಡಿತು. ನಿಷೇಧಿತ ಪ್ರದೇಶದ ಹಳೆಯ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದೇ ಹೊರತು ಹೊಸದಾಗಿ ಕಟ್ಟುವಂತಿಲ್ಲ. ಹೀಗಿರುವಾಗ ಮಣ್ಣಿನ ಮನೆ ಬುಡಸಮೇತ ಕುಸಿದರೆ ಅದು ದುರಸ್ತಿಯೋ ಹೊಸ ಕಟ್ಟಡವೋ? ಗುಡಿಗಳು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಜಾಗದ ಮನೆಗೆ ಪರಿಹಾರದ ಆದೇಶದ ಜೊತೆಯಲ್ಲೇ ಬದಲಿ ನಿವೇಶನದ ಹಕ್ಕುಪತ್ರವನ್ನೂ ಕೊಡಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬುನಾದಿಯ ಎತ್ತರ. ಇಷ್ಟೆಲ್ಲ ಕಾಗದ ಕೇಳಿದವರು ಹೊಸ ಮನೆಯ ನೆಲಗಟ್ಟು ನೆರೆಯ ಗುರುತಿಗಿಂತ ಮೇಲಿರಲಿ ಎಂದು ನಮಗೆ ಹೇಳಲಿಲ್ಲ. ಫೋಟೋದಲ್ಲಿ ಬುನಾದಿ ಕಂಡರೆ ಸಾಕು, ಅದು ಎಷ್ಟು ಎತ್ತರ ಎಂದು ಅಳೆದವರಿಲ್ಲ. ಜನರು ದುಡ್ಡು ಸಾಲದೆ ಎರಡು ಅಡಿಗೇ ನಿಲ್ಲಿಸಿದರು, ನಾಲ್ಕು ಅಡಿ ನೀರು ಕಂಡ ಓಣಿಯಲ್ಲಿ. ಊರನ್ನೇ ಸ್ಥಳಾಂತರಿಸುವ ದಾರಿಯನ್ನು 2009ರ ನಂತರ 'ಆಸರೆ' ಮನೆಗಳಲ್ಲಿ ನೋಡಿದ್ದೇವೆ: ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಮೇವು ಒಟ್ಟಲು ಹಿತ್ತಲಿಲ್ಲ, ಆದ್ದರಿಂದ ಎಷ್ಟೋ ಮಂದಿ ಹಳೆಯ ಊರಿಗೇ ಮರಳಿದರು. ಮರಳಿದವರನ್ನು ದೂರುವುದಕ್ಕಿಂತ, ಹಳೆಯ ಜಾಗದಲ್ಲಿಯೇ ಕಟ್ಟುವವರಿಗೆ ಓಣಿಯ ನೆರೆ ಮಟ್ಟವನ್ನು ಪಂಚಾಯಿತಿಯೇ ಅಳೆದು ಪರವಾನಗಿಯಲ್ಲಿ ಬರೆದುಕೊಡಲಿ. ಅಷ್ಟು ಎತ್ತರಕ್ಕೆ ಬೇಕಾಗುವ ಕಲ್ಲು, ಗರಸಿನ ಹೆಚ್ಚುವರಿ ಖರ್ಚನ್ನು ಪ್ರತ್ಯೇಕ ಕಂತಾಗಿ ಮೊದಲೇ ಕೊಡಲಿ.

ಕಾಕಾ ಆ ಎತ್ತರಕ್ಕಾಗಿ ಒಂದು ಎಕರೆ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಾಕಿದರು. ಗೌಂಡಿಯನ್ನು ಕರೆದು, ಹಳೆಯ ಚೌಕಟ್ಟಿನ ಕಂದು ಗೆರೆಗೆ ದಾರ ಹಿಡಿಸಿ, ನೆಲಗಟ್ಟು ಅದರ ಮೇಲೊಂದು ಗೇಣು ಬರಬೇಕೆಂದು ಹೇಳಿದರು. ಈಗ ಮನೆಗೆ ಏಳು ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿನ ಚಿಗವ್ವ ಗೋಡೆ ಹಿಡಿದುಕೊಂಡು ನಿಧಾನವಾಗಿ ಹತ್ತುತ್ತಾಳೆ.