ರನ್ ಅಂದ್ರೆ ಓಡು ಅಲ್ಲ, ಹರಿ

ಇಂಗ್ಲಿಷಿನಲ್ಲಿ ಮೂಗು ರನ್ ಆಗುತ್ತದೆ. ನಲ್ಲಿ ರನ್ ಆಗುತ್ತದೆ. ಒಗೆದ ಬಟ್ಟೆಯ ಬಣ್ಣ ರನ್ ಆಗುತ್ತದೆ, ಬಾಡಿಗೆ ಕರಾರು ಮೂರು ವರ್ಷ ರನ್ ಆಗುತ್ತದೆ. ಇವುಗಳಲ್ಲಿ ಒಂದಕ್ಕೂ ಕಾಲಿಲ್ಲ. ಆದರೂ ಈ ಪದಕ್ಕೆ ನಾವು ಕಲಿಸುವ ಮೊದಲ ಅರ್ಥ, ಎಷ್ಟೋ ಸಲ ಕೊನೆಯ ಅರ್ಥವೂ ಕೂಡ, 'ಓಡು'. ಆಮೇಲೆ ಸಿಗುವ ಒಂದೊಂದು ಬಳಕೆಯನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿ ಎನ್ನುತ್ತೇವೆ. ರನ್‌ಗೆ ಕನ್ನಡದ ಒಂದೇ ಪದ ಹಿಡಿದುಕೊಳ್ಳಬೇಕಿದ್ದರೆ ಅದು 'ಹರಿ' ಆಗಬೇಕು ಅನ್ನುವುದು ನನ್ನ ವಾದ. ಓಡುವುದು ಅದರ ಒಂದು ಕವಲು ಮಾತ್ರ.

ಬಾಯಿಪಾಠಕ್ಕೆ ಬಗ್ಗುವ ಪದವೂ ಇದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದ ಪದ 'ಸೆಟ್', ಒಟ್ಟು 430. ಮುಂದಿನ ಆವೃತ್ತಿಗಾಗಿ ಪರಿಷ್ಕರಿಸುವಾಗ ರನ್ ಅದನ್ನು ಹಿಂದೆ ಹಾಕಿತು. 2011ರ ಹೊತ್ತಿಗೆ ಅದರ ಕ್ರಿಯಾಪದ ರೂಪವೊಂದಕ್ಕೇ 645 ಅರ್ಥ. ಇದರಲ್ಲಿ ಎಷ್ಟೋ ಅರ್ಥಗಳು ಯಂತ್ರಗಳು ಬಂದ ಮೇಲೆ ಸೇರಿದ್ದು. ಎಂಜಿನ್, ಗಡಿಯಾರ, ರೈಲು, ಕಂಪ್ಯೂಟರ್ ಎಲ್ಲವೂ ಬಂದು ಈ ಪದದ ಬೆನ್ನೇರಿದವು.

ಹರಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳೆಯ ಇಂಗ್ಲಿಷಿನ 'ರಿನ್ನನ್' ಓಡುವುದಕ್ಕೂ ಹರಿಯುವುದಕ್ಕೂ ಒಂದೇ ಪದ. ಜರ್ಮನ್ನರು ಇಂದಿಗೂ ಎರಡನ್ನು ಬೇರೆ ಬೇರೆ ಇಟ್ಟುಕೊಂಡಿದ್ದಾರೆ: ರಿನ್ನೆನ್ ಅಂದರೆ ತೊಟ್ಟಿಕ್ಕು, ಹರಿ, ರೆನ್ನೆನ್ ಅಂದರೆ ಓಡು. ಇಂಗ್ಲಿಷಿನಲ್ಲಿ ಎರಡೂ ಕಲಸಿಹೋದವು. ಸಣ್ಣ ತೊರೆಗೆ ರನಲ್ ಅನ್ನುತ್ತಾರೆ. ಚೀಸ್ ಮಾಡುವಾಗ ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಕೂಡ ಇದೇ ಬೇರಿನದು, ಹಾಲು ಹರಿದು ಬಂದು ಒಂದೆಡೆ ಕೂಡುತ್ತದೆ ಎಂಬ ಭಾವ. ಮಜಾ ಏನೆಂದರೆ ಹಳಗನ್ನಡದ 'ಪರಿ'ಗೂ ಓಡು, ಹರಿ ಎರಡೂ ಅರ್ಥ ಇದ್ದವು. ಅದೇ ಪರಿ ಇವತ್ತಿನ ಹರಿ.

ಹಾಗಾಗಿ ನಮ್ಮ ಹರಿ ಎಷ್ಟೋ ಕಡೆ ರನ್‌ನ ಜೊತೆಜೊತೆಗೇ ಹೋಗುತ್ತದೆ. 'ಲಾರಿ ಹರಿದು ಸಾವು' ಅಂತ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದೇ ರನ್ ಓವರ್. ಪುಟದ ಮೇಲೆ ಕಣ್ಣು ಹರಿಸುವುದು, ತಂತಿಯಲ್ಲಿ ಕರೆಂಟ್ ಹರಿಯುವುದು, ಒಂದು ಗುಣ ವಂಶದಲ್ಲೇ ಹರಿದು ಬರುವುದು, ಇವಕ್ಕೆಲ್ಲ ಇಂಗ್ಲಿಷಿನವರು ರನ್ ಅನ್ನುತ್ತಾರೆ. ಇನ್ನೂ ಒಂದು: ತೆಳು ನೈಲಾನ್ ಕಾಲುಚೀಲದಲ್ಲಿ ಒಂದು ಎಳೆ ಬಿಟ್ಟು ಉದ್ದಕ್ಕೆ ಹರಿದುಕೊಂಡು ಹೋದರೆ ಅಮೆರಿಕದಲ್ಲಿ ಅದಕ್ಕೆ ರನ್ ಎಂದೇ ಹೆಸರು. ಬ್ರಿಟನ್ನಿನಲ್ಲಿ ಲ್ಯಾಡರ್. (ಇಲ್ಲಿ ನಮ್ಮ 'ಬಟ್ಟೆ ಹರಿ' ಹೊಂದಿಕೊಂಡಿದ್ದು ಬರೀ ಕಾಕತಾಳೀಯ. ದಯವಿಟ್ಟು ಇದರ ಮೇಲೆ ಸಿದ್ಧಾಂತ ಕಟ್ಟಬೇಡಿ.)

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಯಾರೋ ನಲ್ಲಿ ತಿರುಗಿಸಿ ಬಿಟ್ಟು ಹೋದರು, ದ ಟ್ಯಾಪ್ ವಾಸ್ ರನ್ನಿಂಗ್. ಟಬ್ ತುಂಬಿ ಹೊರಚೆಲ್ಲಿತು, ದ ಬಾತ್ ರ‍್ಯಾನ್ ಓವರ್. ನೆಲಹಾಸು ನೆನೆದು ಅದರ ಕೆಂಪು ಬಣ್ಣ ಬಿಟ್ಟುಕೊಂಡಿತು, ದ ಡೈ ರ‍್ಯಾನ್. ಗೋಡೆಯ ಉದ್ದಕ್ಕೂ ಬಿರುಕು ಬಿತ್ತು, ಅ ಕ್ರ್ಯಾಕ್ ರ‍್ಯಾನ್ ಡೌನ್ ದ ವಾಲ್. ರಿಪೇರಿ ಖರ್ಚು ಸಾವಿರಗಟ್ಟಲೆ ಮುಟ್ಟಿತು, ದ ಬಿಲ್ ರ‍್ಯಾನ್ ಇಂಟು ಥೌಸಂಡ್ಸ್. ಇಂಗ್ಲಿಷಿನಲ್ಲಿ ಐದು ಸಲವೂ ಒಂದೇ ಪದ. ಕನ್ನಡದಲ್ಲಿ ಹರಿ, ಚೆಲ್ಲು, ಬಿಡು, ಬೀಳು, ಮುಟ್ಟು, ಹೀಗೆ ಐದು. ಯಾವುದಕ್ಕೂ ಓಡು ಬರಲಿಲ್ಲ. ಯಾವ ಪದ ಬಳಸಬೇಕು ಅನ್ನುವುದನ್ನು ನಿರ್ಧರಿಸಿದ್ದು ಕರ್ತೃ. ಅನುವಾದಕ್ಕೆ ಕೂತವರು ರನ್ ಅನ್ನು ನೋಡುವ ಮೊದಲು 'ಏನು ರನ್ ಆಗುತ್ತಿದೆ' ಅಂತ ನೋಡಬೇಕು. ದ್ರವವಾದರೆ ಹರಿ, ಸೋರು, ಸುರಿ. ಯಂತ್ರವಾದರೆ ನಡೆ, ಚಾಲೂ ಇರು. ರಸ್ತೆ, ಬೇಲಿ, ತಂತಿಯಂಥ ಉದ್ದನೆಯ ವಸ್ತುವಾದರೆ ಹಾದುಹೋಗು, ಸಾಗು. ಅವಧಿಯಾದರೆ ಇರು, ಚಾಲ್ತಿಯಲ್ಲಿರು. ಸಿನಿಮಾ ಮಾತ್ರ ಎರಡೂ ಭಾಷೆಯಲ್ಲಿ ಓಡುತ್ತದೆ!

ಎರಡನೆಯದಾಗಿ ನೋಡಬೇಕಾದದ್ದು ಕರ್ಮ ಇದೆಯೇ ಇಲ್ಲವೇ ಎಂಬುದನ್ನು. ಹೆಚ್ಚು ಜನ ಎಡವುವುದು ಇಲ್ಲೇ. ಕನ್ನಡದಲ್ಲಿ 'ಇಸು' ಸೇರಿಸಿದರೆ ಕೆಲಸ ಮುಗಿಯಿತು: ಹರಿ-ಹರಿಸು, ನಡೆ-ನಡೆಸು, ಓಡು-ಓಡಿಸು. ಹಳೆಯ ಇಂಗ್ಲಿಷಿನಲ್ಲೂ 'ಓಡಿಸು' ಎನ್ನಲು ಬೇರೆ ರೂಪ ಇತ್ತು. ಕಾಲಾಂತರದಲ್ಲಿ ಎರಡೂ ಬೆರೆತು ಒಂದೇ ರೂಪ ಉಳಿಯಿತು. ಹಾಗಾಗಿ 'ಶಿ ರನ್ಸ್' ಅಂದರೆ ಓಡುತ್ತಾಳೆ, 'ಶಿ ರನ್ಸ್ ಅ ಸ್ಕೂಲ್' ಅಂದರೆ ಶಾಲೆ ನಡೆಸುತ್ತಾಳೆ. ಆ 'ಇಸು' ಇಂಗ್ಲಿಷ್ ವಾಕ್ಯದಲ್ಲಿ ಎಲ್ಲೂ ಕಾಣುವುದಿಲ್ಲ, ಓದುವವರೇ ತುಂಬಿಕೊಳ್ಳಬೇಕು. ಸಂಸ್ಥೆಯನ್ನು ಅವರು ಓಡಿಸುತ್ತಾರೆ, ನಾವು ನಡೆಸುತ್ತೇವೆ. ವೇಗದಲ್ಲಿ ಏನೂ ವ್ಯತ್ಯಾಸವಿಲ್ಲ. ಕೆಲವು ಕರ್ಮಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ರನ್ ಅ ಫೀವರ್ ಅಂದರೆ ಜ್ವರ ಬಂದಿರುವುದು, ರನ್ ಅ ರಿಸ್ಕ್ ಅಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು, ರನ್ ಅ ರೆಡ್ ಲೈಟ್ ಅಂದರೆ ಕೆಂಪು ದೀಪ ಲೆಕ್ಕಿಸದೆ ನುಗ್ಗುವುದು, ಪತ್ರಿಕೆ ರನ್ ಅ ಸ್ಟೋರಿ ಅಂದರೆ ಸುದ್ದಿ ಪ್ರಕಟಿಸುವುದು.

ಮೂರನೆಯದು ಶಾಲೆಯಲ್ಲಿ ಕಲಿಸುವುದೇ ಅಪರೂಪ. ರನ್‌ನ ಬೆನ್ನಿಗೆ ಗುಣವಾಚಕ ಬಂದರೆ ಅಲ್ಲಿ ಚಲನೆಯೇ ಇರುವುದಿಲ್ಲ, ಬರೀ 'ಆಗು'. ಬಾವಿ ರನ್ ಡ್ರೈ, ಬತ್ತಿತು. ದುಡ್ಡು ರನ್ ಶಾರ್ಟ್, ಸಾಲದಾಯಿತು. ರೈಲು ರನ್ನಿಂಗ್ ಲೇಟ್, ತಡವಾಗಿದೆ. ಇದರಲ್ಲಿ ಒಂದು ಸೂಕ್ಷ್ಮವೂ ಇದೆ: ಈ ಪಟ್ಟಿಗೆ ಸಿಕ್ಕ ಸಿಕ್ಕ ಗುಣವಾಚಕ ಸೇರಿಸುವಂತಿಲ್ಲ. ಡ್ರೈ, ಶಾರ್ಟ್, ಲೋ, ಲೇಟ್, ವೈಲ್ಡ್, ಕೋಲ್ಡ್, ಹೈ, ಡೀಪ್, ಹೀಗೆ ಬೆರಳೆಣಿಕೆಯವು. 'ರನ್ ಟಯರ್ಡ್' ಅಂತ ಯಾರೂ ಹೇಳುವುದಿಲ್ಲ.

ಇನ್ನು ಬಾಲಗಳು. ಔಟ್, ಓವರ್, ಇಂಟು, ಡೌನ್, ಅಪ್, ಥ್ರೂ, ಆಫ್. ರನ್‌ನ ನಿಜವಾದ ಕಾಟ ಇವುಗಳದ್ದೇ. ರನ್ ಔಟ್ ಕ್ರಿಕೆಟ್‌ನಿಂದ ನಮಗೆ ಬಾಯಿಗೆ ಬಂದಿದೆ. ಆದರೆ ರನ್ ಔಟ್ ಆಫ್ ಮಿಲ್ಕ್ ಅಂದರೆ ಹಾಲು ಮುಗಿಯಿತು, ರನ್ ಔಟ್ ಆನ್ ಸಮ್‌ಒನ್ ಅಂದರೆ ನಡುನೀರಿನಲ್ಲಿ ಕೈಬಿಟ್ಟು ಹೋಗುವುದು. 'ಆಫ್' ಇದ್ದದ್ದು 'ಆನ್' ಆದ ಮಾತ್ರಕ್ಕೆ ಹಾಲು ಹೋಗಿ ಸಂಸಾರವೇ ಮುರಿದುಬೀಳುತ್ತದೆ. ರನ್ ಇಂಟು ಮೂರು ಥರ: ಡಿಕ್ಕಿ ಹೊಡೆ, ಅಕಸ್ಮಾತ್ ಸಿಗು, ಇಂತಿಷ್ಟು ಮುಟ್ಟು. ಗೆಳೆಯನನ್ನು ರನ್ ಇಂಟು ಮಾಡಿದರೆ ಕುಶಲ ವಿಚಾರಿಸಬಹುದು, ರನ್ ಓವರ್ ಮಾಡಿದರೆ ಪೊಲೀಸರು ಬರುತ್ತಾರೆ. ರನ್ ಡೌನ್‌ನಲ್ಲಿ ಬ್ಯಾಟರಿ ಇಳಿಯುತ್ತದೆ, ಇಲ್ಲವೇ ಮನುಷ್ಯನನ್ನು ಹೀಗಳೆಯಲಾಗುತ್ತದೆ, ಇಲ್ಲವೇ ವಾಹನ ಅವನನ್ನು ಕೆಡವುತ್ತದೆ. ಅದನ್ನೇ ಕೂಡಿಸಿ 'ರನ್‌ಡೌನ್' ಎಂದು ನಾಮಪದ ಮಾಡಿದರೆ ಸಾರಾಂಶ ವರದಿ.

ಬಾಲ ಎಲ್ಲಿ ಕೂರುತ್ತದೆ ಅನ್ನುವುದಕ್ಕೂ ನಿಯಮವಿದೆ. ವಾಹನ ಹರಿಸಿದ ಅರ್ಥದಲ್ಲಾದರೆ 'ರ‍್ಯಾನ್ ಓವರ್ ಹಿಮ್', 'ರ‍್ಯಾನ್ ಹಿಮ್ ಓವರ್' ಎರಡೂ ಸರಿ. ಟಿಪ್ಪಣಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದ ಅರ್ಥದಲ್ಲಿ 'ರ‍್ಯಾನ್ ಓವರ್ ದ ನೋಟ್ಸ್' ಮಾತ್ರ ಸರಿ. 'ರ‍್ಯಾನ್ ದ ನೋಟ್ಸ್ ಓವರ್' ಅಂದರೆ ಕೇಳಿದವರಿಗೆ ಟಿಪ್ಪಣಿ ಚಕ್ರದಡಿ ಸಿಕ್ಕಂತೆ ಕಾಣುತ್ತದೆ. ರನ್ ಇಂಟು ಎಂದೂ ಬಿಡಿಸಲಾಗದ ಜೋಡಿ. ರನ್ ಅಪ್ ಅ ಬಿಲ್ ಬಿಡಿಸಬಹುದು, ಆದರೆ ಬಿಲ್ ಬದಲು ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: 'ರನ್ ಇಟ್ ಅಪ್'. 'ರನ್ ಅಪ್ ಇಟ್' ಅಂದರೆ ಮೆಟ್ಟಿಲನ್ನೋ ಗುಡ್ಡವನ್ನೋ ಓಡಿ ಹತ್ತು ಅಂತ.

ರೂಪದ ತಪ್ಪು ಒಂದೇ, ಆದರೆ ಹಠಮಾರಿ. ರನ್, ರ‍್ಯಾನ್, ರನ್: ಮೂರನೆಯ ರೂಪ ಮತ್ತೆ ಮೊದಲಿನದೇ. 'ಹ್ಯಾಸ್ ರ‍್ಯಾನ್' ಅಂತ ಬರೆದದ್ದು ಎಲ್ಲೆಲ್ಲೂ ಸಿಗುತ್ತದೆ, ಇಂಗ್ಲಿಷ್ ಮನೆಮಾತಿನವರೂ ಬರೆಯುತ್ತಾರೆ. ಬರೆಯಬೇಕಾದದ್ದು 'ಹ್ಯಾಸ್ ರನ್'.

ನಾಮಪದವಾಗಿ ರನ್ ಇನ್ನೊಂದು ಕಾಡು. ಕ್ರಿಕೆಟ್‌ನಲ್ಲಿ ಒಂದು ರನ್ ಅಂದರೆ ಎರಡು ಪಾಪಿಂಗ್ ಕ್ರೀಸುಗಳ (ಬ್ಯಾಟ್ಸ್‌ಮನ್ ಓಡಿ ಮುಟ್ಟಬೇಕಾದ ಗೆರೆಗಳ) ನಡುವಿನ 58 ಅಡಿ. ವಿಕೆಟ್‌ನಿಂದ ವಿಕೆಟ್‌ಗೆ 22 ಗಜ, ಅಂದರೆ 66 ಅಡಿ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಅಡಿ ಕಳೆಯಿರಿ. ಆದರೆ ಚೆಂಡು ಬೌಂಡರಿ ದಾಟಿದರೆ ಒಂದು ಹೆಜ್ಜೆಯೂ ಇಡದೆ ನಾಲ್ಕು ರನ್. ಅಲ್ಲಿಗೆ ಓಟ ಹೋಗಿ ಲೆಕ್ಕ ಉಳಿಯಿತು. ಬ್ಯಾಂಕ್ ರನ್ ಕೂಡ ಹಾಗೆಯೇ. ಠೇವಣಿದಾರರು ದುಡ್ಡು ವಾಪಸು ಪಡೆಯಲು ಬ್ಯಾಂಕಿನ ಬಾಗಿಲಿಗೆ ಮುಗಿಬೀಳುತ್ತಿದ್ದ ಕಾಲದ ಹೆಸರು ಅದು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 42 ಬಿಲಿಯನ್ ಡಾಲರ್ ವಾಪಸು ಕೇಳಿದವರಲ್ಲಿ ಹೆಚ್ಚಿನವರು ಕೂತಲ್ಲೇ ಪರದೆ ಒತ್ತಿದ್ದರು. ಇನ್ನು ಚುನಾವಣೆ: ಅಮೆರಿಕದ ಅಭ್ಯರ್ಥಿ ರನ್ ಮಾಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ಸ್ಟ್ಯಾಂಡ್ ಆಗುತ್ತಾನೆ. ಕನ್ನಡದಲ್ಲೂ ಚುನಾವಣೆಗೆ ನಿಲ್ಲುತ್ತೇವೆಯೇ ಹೊರತು ಓಡುವುದಿಲ್ಲ, ಗೆದ್ದ ಮೇಲೆ ಪಕ್ಷ ಬಿಟ್ಟು ಓಡುವುದು ಬೇರೆ ವಿಷಯ.

ಆರ್ಟಿಕಲ್ ಬಗ್ಗೆ ಒಂದು ಎಚ್ಚರಿಕೆ. 'ಐ ಹ್ಯಾವ್ ರನ್ಸ್' ಅಂದರೆ ಬ್ಯಾಟ್ಸ್‌ಮನ್ನಿನ ಮಾತು. 'ಐ ಹ್ಯಾವ್ ದ ರನ್ಸ್' ಅಂದರೆ ಭೇದಿ. 'ದ ರನ್ ಆಫ್ ದ ಹೌಸ್' ಕೊಟ್ಟರೆ ಮನೆಯಿಡೀ ಎಲ್ಲಿ ಬೇಕಾದರೂ ಓಡಾಡಿಕೊಂಡಿರಿ ಎಂಬ ಅನುಮತಿ. 'ತ್ರೀ ಡೇಸ್ ರನ್ನಿಂಗ್'ನಲ್ಲಿ ಓಟವೇ ಇಲ್ಲ, ಸತತ ಮೂರು ದಿನ ಅಷ್ಟೇ.

ಈಗ ಅತಿ ಹೆಚ್ಚು ಹಾನಿ ಆಗುತ್ತಿರುವುದು ಸಾಫ್ಟ್‌ವೇರ್ ಕನ್ನಡೀಕರಣದಲ್ಲಿ. ಅನುವಾದಕರ ಕೈಗೆ ಬರುವುದು ಪರದೆಯ ಚಿತ್ರವಲ್ಲ, ಸಾಲು ಸಾಲು ಬಿಡಿ ಪದಗಳ ಕಡತ. ಅದರಲ್ಲಿ 'ರನ್' ಅಂತ ಒಂದೇ ಪದವಿದ್ದರೆ ಅದು ಗುಂಡಿಯ ಮೇಲಿನ ಆಜ್ಞೆಯೋ, ಕಾಲಂನ ತಲೆಬರಹವೋ, ವ್ಯಾಯಾಮದ ಆ್ಯಪ್‌ನ ಓಟವೋ ಗೊತ್ತಾಗುವುದಿಲ್ಲ. ಪರಿಣಾಮ: 'ಲಾಸ್ಟ್ ರನ್' ಹೋಗಿ 'ಕೊನೆಯ ಓಟ', 'ರನ್ ಫೇಲ್ಡ್' ಹೋಗಿ 'ಓಟ ವಿಫಲವಾಗಿದೆ'. ಮೊದಲನೆಯದಕ್ಕೆ 'ಕಳೆದ ಬಾರಿ ಚಲಾಯಿಸಿದ್ದು', ಎರಡನೆಯದಕ್ಕೆ 'ಚಲಾಯಿಸಲಾಗಲಿಲ್ಲ' ಅಂದರೆ ಸಾಕು. ಹಿಂದಿನ ಮುಂದಿನ ನಾಲ್ಕು ಸಾಲು ನೋಡಿ: ಪಕ್ಕದಲ್ಲಿ 'ಸ್ಟಾಪ್' ಇದ್ದರೆ ಅದು ಆಜ್ಞೆ, 'ಡ್ಯೂರೇಶನ್' ಇದ್ದರೆ ಹೆಚ್ಚಾಗಿ ನಾಮಪದ, 'ಡಿಸ್ಟೆನ್ಸ್' ಇದ್ದರೆ ಮಾತ್ರ ಓಟ. ಗೊತ್ತಾಗದಿದ್ದರೆ ಬರೆದುಕೊಟ್ಟವರನ್ನೇ ಕೇಳಬೇಕು, ಊಹಿಸಬಾರದು. ಆಡುಮಾತಿನಲ್ಲಿ ಎಲ್ಲರೂ 'ರನ್ ಮಾಡು' ಅಂತಲೇ ಹೇಳುತ್ತಿರುವಾಗ ಗುಂಡಿಯ ಮೇಲೂ 'ರನ್ ಮಾಡಿ' ಅಂತ ಬರೆದರೆ ಆಕಾಶ ಕಳಚಿ ಬೀಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬಯ್ಯಬಹುದು.

ಹರಿಗೂ ನಡೆಗೂ ಸಿಗದೆ ಉಳಿಯುವ ನುಡಿಗಟ್ಟುಗಳೂ ಇವೆ. ಗಿರಣಿಯಿಂದ ವಿಂಗಡಿಸದೆ ಬಂದ ಸಾಧಾರಣ ಮಾಲಿನಿಂದ 'ರನ್ ಆಫ್ ದ ಮಿಲ್' ಬಂತು. 'ರನ್ ಅಮಾಕ್'ನ ಅಮಾಕ್ ಮಲಯ ಭಾಷೆಯದು, ಹುಚ್ಚೆದ್ದು ಕಂಡಕಂಡವರ ಮೇಲೆ ಬೀಳುವುದು. 'ರನ್ ದ ಗಾಂಟ್ಲೆಟ್'ನಲ್ಲಿರುವುದು ಕೈಗವಸು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಎರಡು ಸಾಲು ಸೈನಿಕರು ಎದುರುಬದುರು ನಿಂತು, ನಡುವೆ ಹಾಯುವ ತಪ್ಪಿತಸ್ಥನಿಗೆ ಹೊಡೆಯುತ್ತಿದ್ದ ಶಿಕ್ಷೆ ಅದು. ಸ್ವೀಡಿಷ್ ಭಾಷೆಯ 'ಗಾಟ್‌ಲಾಪ್' 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು, ಕೈಗವಸಿನ ಪದದ ಜೊತೆ ಕಲಸಿಹೋಗಿ ಈ ರೂಪ ತಾಳಿತು. ಗಾಟಾ ಅಂದರೆ ಓಣಿ, ಲಾಪ್ ಅಂದರೆ ಓಟ. ಹಾಗಾಗಿ ಆ ಪಾಪದವನು ಒಂದೇ ಓಣಿಯಲ್ಲಿ ಎರಡು ಭಾಷೆಯಲ್ಲಿ ಎರಡು ಸಲ ಓಡುತ್ತಿದ್ದಾನೆ. ಇಲ್ಲಿ ಮಾತ್ರ 'ಓಡು' ಅಂತಲೇ ಅನುವಾದಿಸಿ.