ಮಳೆಗಾಲಕ್ಕೆ ಆಗುವ ಫೋನ್ ಯಾವುದು ಸ್ವಾಮಿ?

ಶಿವಮೊಗ್ಗದ ಮೊಬೈಲ್ ಅಂಗಡಿಗಳಲ್ಲಿ ಮಾತು ಶುರುವಾಗುವುದೇ ಮೆಗಾಪಿಕ್ಸೆಲ್‌ನಿಂದ. ನಮ್ಮ ಮನೆ ಆಗುಂಬೆ ಕಡೆ. ಜೂನ್ ಬಂತೆಂದರೆ ಜೇಬೂ ಒದ್ದೆ, ಬೆರಳೂ ಒದ್ದೆ. ನನಗೆ ಬೇಕಿರುವುದು ನೀರು ತಡೆಯುವ ಫೋನ್, ಅಷ್ಟೇ.

ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಐಪಿ54 ಅಥವಾ ಐಪಿ64 ಅನ್ನುವ ದೂಳು-ನೀರು ತಡೆಯುವ ದರ್ಜೆ ಇರುತ್ತದೆ. ಅಂದರೆ ನೀರು ಸಿಡಿದರೆ ಪರವಾಗಿಲ್ಲ, ಮುಳುಗಿದರೆ ಕಥೆ ಮುಗೀತು. ಮುಳುಗಿದರೂ ಸ್ವಲ್ಪ ಹೊತ್ತು ತಡೆಯುವ ಐಪಿ68 ಬೇಕು ಅಂದರೆ ದುಬಾರಿ ಫೋನುಗಳ ಕಪಾಟು ತೋರಿಸುತ್ತಾರೆ. ಸಾಲ ಮಾಡಿ ತಗೊಂಡೆವು ಅಂತಿಟ್ಟುಕೊಳ್ಳಿ. ನೀರು ಹೊಕ್ಕು ಕೆಟ್ಟರೆ ಹೆಚ್ಚಿನ ಕಂಪನಿಗಳ ವಾರಂಟಿ ಅದಕ್ಕಿಲ್ಲ! ಮತ್ತೆ ಆ ಜಾಸ್ತಿ ದುಡ್ಡು ಯಾತಕ್ಕೆ? ಈ ದರ್ಜೆ ಕೊಡುವ ಪರೀಕ್ಷೆಯೂ ಲ್ಯಾಬಿನ ಸಿಹಿನೀರಲ್ಲಿ ನಡೆಯುವುದು. ಅಡಿಕೆ ತೋಟದ ಕೆಸರು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅವರಿಗೇನು ಗೊತ್ತು?

ಸ್ಕ್ರೀನ್ ಮೇಲೆ ನಾಲ್ಕು ಹನಿ ಬಿದ್ದರೆ ಎಷ್ಟೋ ದುಬಾರಿ ಫೋನೂ ದೆವ್ವ ಹಿಡಿದಂತೆ ತಾನೇ ಆ್ಯಪ್ ತೆಗೆಯುತ್ತದೆ. ಇನ್ನು 5ಜಿ ವೇಗ ಬಿಡಿ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಎಲ್ಲ ಫೋನೂ ಬರೀ ಟಾರ್ಚ್, ಅಲ್ವಾ?

ಸುಮ್ನೆ ಅಗ್ಗದ್ದೇ ತಗೊಳ್ಳುತ್ತೇನೆ, ಜೊತೆಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್. ಅಂಗಡಿಯವನು ಮಾತ್ರ ಇನ್ನೂ ಕಂತಿನ ಲೆಕ್ಕ ಹಾಕುತ್ತಲೇ ಇದ್ದಾನೆ.