ಮೂರನೇ ಮಿಕ್ಸಿನೂ ಹೋಯ್ತು. ಈಗ ಯಾರನ್ನ ಬೈಯಲಿ?

ಭಾನುವಾರ ಬೆಳಿಗ್ಗೆ ಎಂಟೂವರೆ. ಹೆಂಚಿನ ಮೇಲೆ ದೋಸೆ, ಜಾರಿನಲ್ಲಿ ಕಾಯಿ, ಹುರಿಗಡಲೆ, ನಾಲ್ಕು ಹಸಿಮೆಣಸಿನಕಾಯಿ. ಸ್ವಿಚ್ ತಿರುಗಿಸಿದೆ. ಎರಡು ಸುತ್ತು ತಿರುಗಿ ಗುರ್ರ್ ಅಂತು, ಸುಟ್ಟ ವಾಸನೆ ಬಂತು, ಅಷ್ಟೇ. ಬುಡಮೇಲು ಮಾಡಿ ತಳದ ಕೆಂಪು ಬಟನ್ ನೋಡಿದೆ. ಅದು ಹೊರಗೆ ಬಂದೇ ಇರಲಿಲ್ಲ, ತೆಪ್ಪಗೆ ಒಳಗೆ ಕೂತಿತ್ತು. ಆದರೂ ಸಮಾಧಾನಕ್ಕೆ ಒಂದ್ಸಲ ಒತ್ತಿದೆ. ಊಹೂಂ. ಎಂಟು ವರ್ಷದಲ್ಲಿ ಇದು ಮೂರನೇ ಮಿಕ್ಸಿ ಕಣ್ರೀ.

ಮನೆಗೆ ಬಂದವರೆಲ್ಲ ಒಂದೇ ಮಾತು: "ನೋಡಿ ತಗೋಬೇಕಿತ್ತು." ಏನ್ ನೋಡ್ಬೇಕಿತ್ತು? ಹೇಳಿ, ನೋಡ್ತೀನಿ! ಮೊದಲನೇದು ಆಫರ್‌ನಲ್ಲಿ ತಂದಿದ್ದು, ಅಗ್ಗದ ಆಸೆಗೆ ಮುಗ್ಗಿದ ಜೋಳ, ತಪ್ಪು ನಂದೇ. ಎರಡನೇದು ನಾದಿನಿ ಹೇಳಿದ್ಲು ಅಂತ ತಂದೆ, ಅದರ ಕಥೆ ಬೇಡ. ಮೂರನೇದಕ್ಕೆ ಮಾತ್ರ ಹಟ ಹಿಡಿದು 6,800 ರೂಪಾಯಿ ಸುರಿದೆ. ದುಡ್ಡು ಜಾಸ್ತಿ ಹೋದ್ರೆ ಹೋಗ್ಲಿ, ಹತ್ತು ವರ್ಷ ಬರ್ಲಿ ಅಂತ.

ಅಂಗಡೀಲಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ವರ್ಷ ಬಾಳಿಕೆ ಬರುತ್ತೆ? ಆ ಹುಡುಗ ಹೇಳಿದ್ದು: 750 ವ್ಯಾಟ್ ಮೇಡಂ, ನಾಲ್ಕು ಜಾರ್, ಜ್ಯೂಸರ್ ಫ್ರೀ, ಈ ಕಲರ್ ಈಗ ತುಂಬಾ ಹೋಗ್ತಿದೆ. ವ್ಯಾಟ್ ಅಂದ್ರೆ ಅದು ಎಷ್ಟು ಕರೆಂಟ್ ಎಳೆಯುತ್ತೆ ಅನ್ನೋ ಲೆಕ್ಕ ಕಣಪ್ಪ, ಎಷ್ಟು ದಿನ ಬದುಕುತ್ತೆ ಅನ್ನೋ ಲೆಕ್ಕ ಅಲ್ಲ. "ಮೋಟರ್ ವೈಂಡಿಂಗ್, ಅದೇ ಒಳಗೆ ಸುತ್ತಿರೋ ತಂತಿ, ಕಾಪರಾ?" ಅಂದೆ. "ಪ್ಯೂರ್ ಕಾಪರ್ ಮೇಡಂ" ಅಂದ, ಕಣ್ಣು ಮಿಟುಕಿಸದೆ. ಆಮೇಲೆ ಮೂಗಿಗೆ ತುಪ್ಪ ಸವರೋಕೆ ಡಬ್ಬದ ಮೇಲೆ ದೊಡ್ಡದಾಗಿ "ಮೋಟರ್‌ಗೆ 5 ವರ್ಷ ವಾರಂಟಿ" ಅಂತ ಇತ್ತಲ್ಲ, ಒಪ್ಪಿಕೊಂಡೆ.

ಎರಡು ವರ್ಷ ನಾಲ್ಕು ತಿಂಗಳಿಗೆ ಸುಟ್ಟಿತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಸರ್ವಿಸ್ ಸೆಂಟರಿಗೆ ಹೊತ್ಕೊಂಡು ಹೋದೆ. ಬಿಚ್ಚಿ ನೋಡಿದವನು, "ಓವರ್‌ಲೋಡ್ ಆಗಿದೆ ಮೇಡಂ, ಕಸ್ಟಮರ್ ಕಡೆಯ ತಪ್ಪು, ವಾರಂಟಿಗೆ ಬರಲ್ಲ" ಅಂದ. ನನಗೆ ಉರಿದಿದ್ದು ಇಲ್ಲೇ. ಓವರ್‌ಲೋಡ್ ಆದ್ರೆ ಕರೆಂಟ್ ಕಟ್ ಮಾಡ್ಲಿ ಅಂತಾನೇ ತಾನೆ ತಳದಲ್ಲಿ ಆ ಕೆಂಪು ಬಟನ್ ಇಟ್ಟಿರೋದು? ಅದು ಟ್ರಿಪ್ ಆಗದೇ ಇದ್ದದ್ದೂ ನನ್ನ ತಪ್ಪಾ? ಅರ್ಧ ಹೋಳು ಕಾಯಿ, ಒಂದು ಮುಷ್ಟಿ ಹುರಿಗಡಲೆ. ಜಲ್ಲಿಕಲ್ಲು ಹಾಕಿ ರುಬ್ಬಿದ್ನಾ? ಇದನ್ನೇ ಕೇಳಿದೆ. ಅವನು ಕಂಪ್ಯೂಟರ್ ನೋಡ್ತಾ, "ಹೊಸ ಮೋಟರ್ ಹಾಕಿದ್ರೆ 3,200 ಆಗುತ್ತೆ. ಈ ಮಾಡೆಲ್ ನಿಂತೋಗಿದೆ, ಸ್ಪೇರ್ ಬರೋಕೆ ಒಂದು ತಿಂಗಳಾಗಬಹುದು. ಎಕ್ಸ್‌ಚೇಂಜ್‌ನಲ್ಲಿ ಹೊಸದೇ ತಗೊಳಿ" ಅಂದ. ಎರಡು ವರ್ಷದ ಹಿಂದೆ "ತುಂಬಾ ಹೋಗ್ತಿದೆ" ಅಂದ ಮಾಡೆಲ್ಲು, ನಿಜವಾಗ್ಲೂ ಹೋಗೇಬಿಟ್ಟಿತ್ತು. ಬೇಡ ಅಂತ ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಚೀಲಕ್ಕೆ ಹಾಕ್ಕೊಂಡು ಬಂದೆ.

ತಿಪಟೂರಲ್ಲಿ ಅಮ್ಮನ ಹತ್ರ 1991ರಲ್ಲಿ ತಗೊಂಡ ಸುಮೀತ್ ಮಿಕ್ಸಿ ಇದೆ. ಬಿಳಿ ಬಣ್ಣ ಹಳದಿಗೆ ತಿರುಗಿದೆ, ಆನ್ ಮಾಡಿದ್ರೆ ಪಕ್ಕದ್ಮನೆಯವರಿಗೂ ಇವತ್ತು ಇವರ ಮನೇಲಿ ಚಟ್ನಿ ಅಂತ ಗೊತ್ತಾಗುತ್ತೆ. ಅದೇನು ಕೆಟ್ಟೇ ಇಲ್ವಾ? ಕೆಟ್ಟಿದೆ, ಬೇಕಾದಷ್ಟು ಸಲ. ಕಾರ್ಬನ್ ಬ್ರಷ್ ಮೂರು ಸಲ ಬದಲಾಗಿದೆ, ಜಾರಿನ ಬುಶ್, ವಾಷರ್, ಜಾರನ್ನ ಮೋಟರ್‌ಗೆ ಜೋಡಿಸೋ ಕಪ್ಲರ್ ಲೆಕ್ಕವೇ ಇಲ್ಲ. ಬಸ್ ಸ್ಟ್ಯಾಂಡ್ ಹತ್ರದ ರಿಪೇರಿ ಅಂಗಡಿಯ ಅಣ್ಣ ಒಂದು ಸ್ಕ್ರೂಡ್ರೈವರ್ ಇಟ್ಕೊಂಡು ಹತ್ತು ನಿಮಿಷದಲ್ಲಿ ಕಪ್ಲರ್ ಬಿಚ್ಚಿ ಹೊಸದು ಹಾಕಿ, "ಇದು ಒಡೀಬೇಕಕ್ಕಾ, ಇದು ಒಡೆದ್ರೇನೆ ಮೋಟರ್ ಉಳಿಯೋದು" ಅಂತಿದ್ದ. ಬಾಳಿಕೆ ಅಂದ್ರೆ ಕೆಡದೇ ಇರೋದು ಅಂತ ನಾನೂ ಅಂದ್ಕೊಂಡಿದ್ದೆ. ಅಲ್ವಂತೆ. ಕೆಟ್ಟಾಗ ನಲವತ್ತು ರೂಪಾಯಿಯ ಸಾಮಾನು ಸಿಗಬೇಕು, ಬಿಚ್ಚೋಕೆ ಬರಬೇಕು. (ಹಳೇದೆಲ್ಲ ಚಿನ್ನ ಅಂತಾನೂ ಅಲ್ಲ. ಅದೇ ಮನೆಯ ಟೇಬಲ್ ಫ್ಯಾನ್ ಮುಟ್ಟಿದವರಿಗೆಲ್ಲ ಶಾಕ್ ಹೊಡೀತಿತ್ತು.)

ತಮಾಷೆ ಏನು ಗೊತ್ತಾ? ಆ ಸುಮೀತ್ ಮಿಕ್ಸಿ ಹುಟ್ಟಿದ್ದೇ ರಿಪೇರಿಯ ಜಗಳದಿಂದ. 1960ರ ದಶಕದಲ್ಲಿ ಮುಂಬೈನ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೇಲಿದ್ದ ಜರ್ಮನ್ ಮಿಕ್ಸರ್ ನಮ್ಮ ಅಡುಗೆಯ ಭಾರ ತಡೀಲಾರದೆ ಕೆಟ್ಟುಹೋಯ್ತು, ಸರಿ ಮಾಡಿಸೋಣ ಅಂದ್ರೆ ಇಲ್ಲಿ ಸರ್ವಿಸ್ ಇರಲಿಲ್ಲ. ಹೆಂಡತಿ ಮಾಧುರಿ ಹಿಡಿದ ಪಟ್ಟು ಬಿಡಲಿಲ್ಲ, ಮಾಥುರ್ ನಮ್ಮ ಅರಿಶಿನ, ಉದ್ದಿನಬೇಳೆ ತಡೆಯೋ ಮಿಕ್ಸಿ ಮಾಡಿದ್ರು. ಅರವತ್ತು ವರ್ಷ ಆದ್ಮೇಲೆ ನಾನು ಬೆಂಗಳೂರಲ್ಲಿ ಕೂತು ಅದೇ ಗೋಳು ಹೊಯ್ಕೋತಿದೀನಿ, ಅದೂ ಇಲ್ಲೇ ತಯಾರಾದ ಮಿಕ್ಸಿಗೆ.

ಫ್ರಿಜ್ ಮೇಲೆ ಸ್ಟಾರ್ ಇರುತ್ತೆ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತೆ. 2006ರಿಂದ ನೋಡ್ತಾ ಇದೀವಿ. ಎಷ್ಟು ವರ್ಷ ಸ್ಪೇರ್ ಸಿಗುತ್ತೆ ಅಂತ ಹೇಳೋ ಒಂದು ಚೀಟಿ ಅಂಟಿಸೋಕೆ ಏನ್ ಕಷ್ಟ? ಫ್ರಾನ್ಸಿನಲ್ಲಿ 2021ರಲ್ಲೇ ವಾಷಿಂಗ್ ಮಷೀನ್, ಟಿವಿ, ಮೊಬೈಲ್‌ಗೆಲ್ಲ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಕೊಟ್ಟು ಬೆಲೆ ಪಕ್ಕದಲ್ಲೇ ಹಾಕೋಕೆ ಶುರು ಮಾಡಿದ್ರು. ನಮಗೆ ಜ್ಯೂಸರ್ ಫ್ರೀ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ, ಏನಾಗುತ್ತೋ ನೋಡೋಣ. ಹುಳಿಪುಡಿ ಡಬ್ಬಾನೂ ಖಾಲಿ, ಅಮ್ಮನೇ ಮಾಡಿ ಬಸ್ಸಿಗೆ ಹಾಕ್ತೀನಿ ಅಂದಿದ್ದಾರೆ.

ನಿನ್ನೆ ಹಳೇ ಪೇಪರಿನವನು ಬಂದಾಗ ಮೂರನ್ನೂ ಅಟ್ಟದಿಂದ ಇಳಿಸಿದೆ. ಬಿಚ್ಚಿದ ಮೋಟರ್ ಕೈಗೆತ್ತಿಕೊಂಡ. ತಂತಿ ತಾಮ್ರದ ಬಣ್ಣಕ್ಕೆ ಮಿರಿಮಿರಿ ಅಂತಿತ್ತು, ನಾನು ಸ್ವಲ್ಪ ಗತ್ತಿನಿಂದಲೇ "ಕಾಪರ್ ಅದು, ನೋಡಿ ರೇಟ್ ಹಾಕಿ" ಅಂದೆ. ಜೇಬಿಂದ ಬ್ಲೇಡ್ ತೆಗೆದು ಒಂದೇ ಗೀರು ಗೀರಿದ. ಮೇಲಿನ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು.

"ಅಲ್ಯೂಮಿನಿಯಂ ಅಕ್ಕಾ," ಅಂದ. "ಮೂರೂ ಸೇರಿ 150 ಕೊಡ್ತೀನಿ."